ಎರಡು ವೃತ್ತಗಳ ಚೀಟಿ

ಪ್ರತಿ ಮಂಗಳವಾರ ಬೆಳಿಗ್ಗೆ ವಿನಿ ರಿಮ್ಮರ್ ಆಪರೇಷನ್ ಥಿಯೇಟರಿನಲ್ಲಿ ನಿಂತು ಬೇರೆಯವರ ಕಣ್ಣು ನೋಡುತ್ತಿದ್ದಳು. ಅದೇ ಅವಳ ಕೆಲಸ. ಆಸ್ಪತ್ರೆಯ ಕಾಗದಪತ್ರದಲ್ಲಿ 'ಸಹಾಯಕಿ' ಎಂದಿತ್ತು, ಅಷ್ಟೆ. ನೆಲ ಒರೆಸುವವಳೂ ಸಹಾಯಕಿ, ಕತ್ತರಿ ಚಿಮಟ ಕುದಿಸುವವಳೂ ಸಹಾಯಕಿ, ವಿನಿಯೂ ಸಹಾಯಕಿ. ಓದಿದ್ದು ಹದಿನಾಲ್ಕನೇ ವಯಸ್ಸಿನವರೆಗೆ. ಆದರೆ ಡಾಕ್ಟರ್ ಬ್ರೆದರ್ಟನ್ ಸೂಜಿ ಹಿಡಿದು ಕೂತಾಗ "ನಿಲ್ಲಿಸಿ" ಎಂದು ಹೇಳುವ ಅಧಿಕಾರ ಆ ಇಡೀ ಕೋಣೆಯಲ್ಲಿ ಅವಳೊಬ್ಬಳಿಗಿತ್ತು. ಅವಳು ಹೇಳಿದರೆ ಡಾಕ್ಟರ್ ಮರುಮಾತಾಡದೆ ಕೈ ತಡೆಯುತ್ತಿದ್ದರು. ಲಿವರ್‌ಪೂಲಿನ ಆ ದೊಡ್ಡಾಸ್ಪತ್ರೆಯಲ್ಲಿ ಡಾಕ್ಟರನ್ನು ತಡೆದು ನಿಲ್ಲಿಸಬಲ್ಲ ಸಹಾಯಕಿ ಇನ್ನೊಬ್ಬಳಿರಲಿಲ್ಲ.

ಬ್ರೆದರ್ಟನ್ ಮಾಡುತ್ತಿದ್ದದ್ದು ಇದು. ತಲೆಯ ನಟ್ಟನಡುವೆ, ಕಣ್ಣುಗಳ ಹಿಂದೆ, ಕಡಲೆಕಾಳಿನಷ್ಟು ದೊಡ್ಡ ಪಿಟ್ಯುಟರಿ ಗ್ರಂಥಿ ಇರುತ್ತದೆ. ಕ್ಯಾನ್ಸರ್ ಎಲುಬಿಗೆ ಇಳಿದು, ಮಾರ್ಫಿನ್ನಿಗೂ ಬಗ್ಗದಂಥ ನೋವು ಶುರುವಾದವರಿಗೆ ಮೂಗಿನ ಹೊಳ್ಳೆಯೊಳಗಿಂದ ಉದ್ದನೆಯ ಸೂಜಿ ಹಾಕಿ, ಎಕ್ಸ್‌ರೇ ನೋಡಿಕೊಳ್ಳುತ್ತ ಆ ಗ್ರಂಥಿಗೆ ಮುಟ್ಟಿಸಿ, ಶುದ್ಧ ಆಲ್ಕೋಹಾಲನ್ನು ಹನಿಹನಿಯಾಗಿ ಬಿಡುತ್ತಿದ್ದರು. ಹತ್ತು ಹನಿ ಅವರ ಲೆಕ್ಕ. ಕ್ಯಾನ್ಸರ್ ಇದ್ದಲ್ಲೇ ಇರುತ್ತಿತ್ತು, ನೋವು ಮಾತ್ರ ಹೋಗುತ್ತಿತ್ತು. ಬಹಳ ಜನಕ್ಕೆ ಹಾಸಿಗೆಯಲ್ಲಿ ಎಚ್ಚರಾಗುವಷ್ಟರಲ್ಲಿ ಹೋಗಿರುತ್ತಿತ್ತು. ಯಾಕೆ ಹೋಗುತ್ತದೆ ಎಂದು ಕೇಳಿದರೆ ಡಾಕ್ಟರು, "ನನಗೂ ಸರಿಯಾಗಿ ಗೊತ್ತಿಲ್ಲಮ್ಮ, ಗೊತ್ತಾದ ದಿನ ಮೊದಲು ನಿಮಗೇ ಹೇಳ್ತೀನಿ" ಎನ್ನುತ್ತಿದ್ದರು. ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎನ್ನುವ ಡಾಕ್ಟರನ್ನು, ಅದೇ ಆಸ್ಪತ್ರೆಯಲ್ಲಿ ದುಡಿದ ನಾನು ನೋಡಿದ್ದು ಅವರೊಬ್ಬರನ್ನೇ.

ಆದರೆ ಕಣ್ಣಿನ ನರಗಳು ಆ ಗ್ರಂಥಿಯ ಪಕ್ಕದಲ್ಲೇ ಹಾಯುತ್ತವೆ. ಹನಿ ಆಚೆ ಜಾರಿದರೆ ದೃಷ್ಟಿಯೇ ಹೋದೀತು. ಹಾಗೆ ಜಾರಿದ ಸುದ್ದಿಯನ್ನು ಮೊದಲು ಕೊಡುವುದು ಕಣ್ಣಪಾಪೆ, ಇದ್ದಕ್ಕಿದ್ದಂತೆ ಹಿಗ್ಗುತ್ತದೆ. ಅದಕ್ಕೇ ಪ್ರತಿ ಹನಿಗೂ ಒಬ್ಬರು ರೆಪ್ಪೆ ಎತ್ತಿ ಟಾರ್ಚ್ ಬಿಟ್ಟು ನೋಡಬೇಕು. ಹಿಗ್ಗಿದರೆ ಅಲ್ಲಿಗೆ ಮುಗಿಯಿತು, ಸೂಜಿ ಆಚೆ. ಹಾಗೆ ಹಿಗ್ಗಿ ನಿಂತವರಿಗೆ ಬ್ರೆದರ್ಟನ್ ಎರಡನೇ ಸಲ ಸೂಜಿ ಹಾಕುತ್ತಿರಲಿಲ್ಲ. ಮೊದಲ ಎರಡು ಮೂರು ಹನಿಗೇ ನಿಂತರೆ ಮಾಡಿದ್ದೆಲ್ಲ ದಂಡ, ರೋಗಿ ಬಂದ ನೋವಿನ ಸಮೇತವೇ ವಾಪಸು ಹೋಗಬೇಕಿತ್ತು.

ಇದರಲ್ಲಿ ವಿನಿಯದೇ ಒಂದು ಪದ್ಧತಿ ಇತ್ತು. ಹಿಂದಿನ ದಿನ ಸಂಜೆ ವಾರ್ಡಿಗೆ ಹೋಗಿ ರೋಗಿಯ ಪಕ್ಕ ಕೂತು, ಕಣ್ಣಿಗೆ ಟಾರ್ಚ್ ಬಿಟ್ಟು, ಅಂಗೈಯಗಲದ ಚೀಟಿಯ ಮೇಲೆ ಎರಡು ವೃತ್ತ ಬರೆಯುತ್ತಿದ್ದಳು. ಎಡಗಣ್ಣಿನ ಪಾಪೆ ಎಷ್ಟು, ಬಲಗಣ್ಣಿನದು ಎಷ್ಟು, ಇದ್ದದ್ದು ಇದ್ದ ಹಾಗೆ. ಮಾರನೇ ದಿನ ಆ ಚೀಟಿ ಥಿಯೇಟರಿನ ದೀಪದ ಕಂಬಕ್ಕೆ ಅಂಟಿರುತ್ತಿತ್ತು. ಯಾರೂ ಹೇಳಿಕೊಟ್ಟದ್ದಲ್ಲ. ಒಂದೆರಡು ವರ್ಷದಲ್ಲಿ ಆಸ್ಪತ್ರೆಗೆ ಅದು ಎಷ್ಟು ರೂಢಿಯಾಯಿತೆಂದರೆ, ವಾರ್ಡಿನ ಕಿರಿಯ ಡಾಕ್ಟರುಗಳು ರೋಗಿಯ ಎದೆ, ಬೆನ್ನು, ರಕ್ತ ಎಲ್ಲ ಬರೆದು, ಕಣ್ಣಿನ ಜಾಗಕ್ಕೆ ಬಂದಾಗ 'ಚೀಟಿ ನೋಡಿ' ಎಂದು ಗೀಚಿ ಎದ್ದು ಹೋಗುತ್ತಿದ್ದರು. ಸೋಮಾರಿಗಳಿಗೆ ಅಷ್ಟು ಸಾಕಾಗಿತ್ತು. ವಿನಿಯ ಚೀಟಿ ತಪ್ಪಾದ ದಿನ ಇರಲಿಲ್ಲ.

ಎಪ್ಪತ್ತಾರನೇ ಇಸವಿಯ ಮಾರ್ಚಿನಲ್ಲಿ ಮಂಗಳವಾರದ ಪಟ್ಟಿಗೆ ಆಗ್ನೆಸ್ ಹಾಲ್ಸಲ್ ಎಂಬ ಹೆಸರು ಬಂತು. ಐವತ್ತೈದು ವರ್ಷ, ವಿಧವೆ, ಸಕ್ಕರೆ ಕಾರ್ಖಾನೆಯಲ್ಲಿ ಚೀಲ ಹೊಲಿಯುತ್ತಿದ್ದವಳು. ಎದೆಯ ಕ್ಯಾನ್ಸರ್ ಬೆನ್ನುಮೂಳೆಗೂ ಸೊಂಟಕ್ಕೂ ಇಳಿದಿತ್ತು. ಅವಳು ವಿನಿಯ ಒಡಹುಟ್ಟಿದ ಅಕ್ಕ.

ಮದುವೆಯಾಗಿ ಇಬ್ಬರ ಮನೆತನದ ಹೆಸರೂ ಬೇರೆಯಾಗಿದ್ದರಿಂದ ಯಾರಿಗೂ ಗೊತ್ತಾಗಲಿಲ್ಲ. ವಿನಿಯೂ ಬಾಯಿ ಬಿಡಲಿಲ್ಲ. ರೋಗಿಯ ನೆಂಟರು ಥಿಯೇಟರಿನೊಳಗೆ ಕಾಲಿಡಬಾರದು ಎಂಬುದು ಸಿಸ್ಟರ್ ಕಾಫ್ಲನ್ನಳ ನಿಯಮ. ಈ ಕಾಫ್ಲನ್ ಥಿಯೇಟರಿನ ಮುಖ್ಯ ನರ್ಸ್. ನಿಯಮದ ವಿಷಯದಲ್ಲಿ ಪೋಪ್ ಬಂದರೂ ಬಾಗಿಲಲ್ಲೇ ನಿಲ್ಲಿಸುವ ಹೆಂಗಸು.

ಸೋಮವಾರ ಸಂಜೆ ವಿನಿ ಚೀಟಿ ಹಿಡಿದು ಅಕ್ಕನ ಮಂಚದ ಪಕ್ಕ ಕೂತಳು. ಆಗ್ನೆಸ್ ನಾಲ್ಕು ತಿಂಗಳಿಂದ ಅಂಗಾತ ಮಲಗಿದವಳು ಮಗ್ಗುಲು ಬದಲಿಸಿರಲಿಲ್ಲ. ಹೊದಿಕೆ ಕಾಲಿಗೆ ತಾಕಿದರೂ ನೋಯುತ್ತದೆಂದು ಹೊದಿಕೆಯ ಕೆಳಗೆ ತಂತಿಯ ಗೂಡು ಇಟ್ಟಿದ್ದರು. ಬ್ರಾಂಡಿ ಬೆರೆಸಿದ ಮಾರ್ಫಿನ್ನನ್ನು ನಾಲ್ಕು ಗಂಟೆಗೊಮ್ಮೆ ಕುಡಿಸುತ್ತಿದ್ದರು. ಅದರಿಂದ ಅವಳಿಗೆ ಅಮಲೇರುತ್ತಿತ್ತು, ನೋವು ಹೋಗುತ್ತಿರಲಿಲ್ಲ.

"ನಾಳೆ ನೀನೇ ತಾನೆ ನೋಡೋದು?" ಎಂದಳು ಆಗ್ನೆಸ್.

"ನಾನೇ ಕಣಕ್ಕ. ಆದ್ರೆ ನಾನು ತಂಗಿ ಅಂತ ಯಾರ ಹತ್ರಾನೂ ಉಸಿರೆತ್ತಬೇಡ. ಗೊತ್ತಾದ್ರೆ ನನ್ನನ್ನ ಆಚೆ ಹಾಕ್ತಾರೆ."

"ನಾನ್ಯಾಕೆ ಹೇಳ್ಲಿ. ನೋಡು ವಿನಿ, ಸಾಯೋದಕ್ಕೆ ನಂಗೆ ಹೆದರಿಕೆ ಇಲ್ಲ. ಇದೊಂದು ಹೋಗಲಿ ಅಷ್ಟೆ. ಒಂದ್ಸಲ ಮಗ್ಗುಲಾಗಿ ಮಲಗಿ ನಿದ್ದೆ ಮಾಡ್ಬೇಕು. ಒಂದ್ಸಲ ಮನುಷ್ಯರ ಹಾಗೆ ಕುರ್ಚೀಲಿ ಕೂತ್ಕೋಬೇಕು."

ವಿನಿ ಟಾರ್ಚ್ ಬಿಟ್ಟಳು. ಮಾರ್ಫಿನ್ ಹೊಟ್ಟೆಯಲ್ಲಿದ್ದವರ ಪಾಪೆ ಸಾಸಿವೆಯಷ್ಟಾಗಿರುತ್ತದೆ. ಬಲಗಣ್ಣಿನದು ಹಾಗೇ ಇತ್ತು. ಎಡಗಣ್ಣಿನದು ಮಾತ್ರ ಮೆಣಸಿನಕಾಳಿನಷ್ಟು ದೊಡ್ಡದಾಗಿ, ಬೆಳಕಿಗೆ ಜಪ್ಪಯ್ಯ ಎಂದರೂ ಕಿರಿದಾಗದೆ, ಕೆಳಗೆ ಮೂಗಿನ ಕಡೆ ಒಂದು ಮೂಲೆ ಎಳೆದಂತೆ ಸೊಟ್ಟಗೆ ನಿಂತಿತ್ತು. ವಿನಿಗೆ ಅದೇನೂ ಹೊಸದಲ್ಲ. ನಲವತ್ತಮೂರು ವರ್ಷದಿಂದ ಅವಳು ಅಕ್ಕನ ಜತೆ ಮಾತಾಡುವಾಗಲೆಲ್ಲ ಬಲಗಣ್ಣನ್ನೇ ನೋಡಿ ಮಾತಾಡುತ್ತಿದ್ದಳು.

ಆಗ ವಿನಿಗೆ ಒಂಬತ್ತು ವರ್ಷ, ಆಗ್ನೆಸ್‌ಗೆ ಹನ್ನೆರಡು. ಮನೆಗಳ ಹಿಂದಿನ ಓಣಿಯಲ್ಲಿ ಪಕ್ಕದ ಮನೆಯ ಸಿರಿಲ್ ಲೆಡ್ಶಮ್ ಹೊಸ ಚಾಟಿಬಿಲ್ಲು ಮಾಡಿಕೊಂಡು ಮೆರೆಯುತ್ತಿದ್ದ. ಬ್ರೆಡ್ಡು ಜಾಮು ತಿಂದು ಬರುತ್ತೇನೆಂದು ಅವನು ಒಳಗೆ ಹೋದಾಗ ಬಿಲ್ಲು ವಿನಿಯ ಕೈಗೆ ಕೊಟ್ಟು ಹೋದ. ಗೋಡೆಯ ಮೇಲೆ ಒಂದು ಡಬ್ಬಿ ಇತ್ತು. ವಿನಿ ಕಲ್ಲಿಟ್ಟು ಎಳೆದು ಬಿಟ್ಟಳು. ಒಣಗಿದ ಬಟ್ಟೆ ತೆಗೆಯಲು ಗೋಡೆಯ ಆಚೆ ಏಣಿ ಹತ್ತಿದ್ದ ಆಗ್ನೆಸ್ ಅದೇ ಹೊತ್ತಿಗೆ ತಲೆ ಎತ್ತಿದಳು. ಅವಳ ಕಿರುಚು ಕೇಳಿ ಓಡಿಬಂದ ಸಿರಿಲ್ ಮೊದಲು ಮಾಡಿದ ಕೆಲಸವೆಂದರೆ ವಿನಿಯ ಕೈಯಿಂದ ತನ್ನ ಬಿಲ್ಲು ಕಿತ್ತುಕೊಂಡದ್ದು. ಅವ್ವ ಹೊರಗೆ ಬಂದಾಗ ಬಿಲ್ಲು ಯಾರ ಕೈಯಲ್ಲಿತ್ತೋ ಅವನೇ ಕಳ್ಳನಾದ. "ನಾನಲ್ಲ, ವಿನಿ ಹೊಡೆದದ್ದು" ಎಂದ ಸಿರಿಲ್. ಅವ್ವ ವಿನಿಯನ್ನು ಕೇಳಿದಳು. ವಿನಿ "ನಂಗೊತ್ತಿಲ್ಲ" ಎಂದಳು. ಬೀಸೋ ದೊಣ್ಣೆ ತಪ್ಪಿಸಿಕೊಂಡರೆ ಸಾವಿರ ವರ್ಷ ಆಯಸ್ಸು ಎನ್ನುತ್ತಾರಲ್ಲ, ಒಂಬತ್ತು ವರ್ಷದ ಹುಡುಗಿಗೆ ಅದಕ್ಕಿಂತ ದೊಡ್ಡ ಲೆಕ್ಕಾಚಾರ ತಿಳಿಯದು.

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದ ಹಾಗಾಯಿತು. ಸಿರಿಲ್‌ಗೆ ಅಪ್ಪನ ಬೆಲ್ಟಿನ ಏಟು, ಶಾಲೆಯಲ್ಲಿ ಬೆತ್ತದ ಏಟು, ಬೀದಿಯವರ ಬಾಯಲ್ಲಿ 'ಕಲ್ಲು ಸಿರಿಲ್' ಎಂಬ ಹೆಸರು. ಆಗ್ನೆಸ್‌ಗೆ ದೃಷ್ಟಿ ಮರಳಿತು, ಪಾಪೆ ಮಾತ್ರ ಹಾಗೇ ಉಳಿಯಿತು. ಅವಳು ಸಿರಿಲ್‌ನನ್ನು ಕಲ್ಲು ಹೊಡೆದದ್ದಕ್ಕಾದರೂ ಕ್ಷಮಿಸುತ್ತಿದ್ದಳೋ ಏನೋ. ತಪ್ಪನ್ನು ಪುಟ್ಟ ಹುಡುಗಿಯ ತಲೆಗೆ ಕಟ್ಟಲು ನೋಡಿದ ನೀಚ ಎಂಬುದು ಅವಳ ಸಿಟ್ಟು. ಸಿರಿಲ್ ದೊಡ್ಡವನಾಗಿ ಬಸ್ ಕಂಡಕ್ಟರ್ ಆದ, ಅದೂ ಆಗ್ನೆಸ್ ಮನೆಯ ಮುಂದೆ ಹೋಗುವ ಬಸ್ಸಿಗೇ. ಅವನ ಬಸ್ ಬಂದರೆ ಆಗ್ನೆಸ್ ಹತ್ತುತ್ತಿರಲಿಲ್ಲ. ಸುರಿಯುವ ಮಳೆಯಲ್ಲಿ, ಕೈಯಲ್ಲಿ ಆಲೂಗಡ್ಡೆ ಚೀಲ ಹಿಡಿದು, ಮೂತಿ ಆಚೆ ತಿರುಗಿಸಿ ಮುಂದಿನ ಬಸ್ಸಿಗೆ ಕಾಯುತ್ತಿದ್ದಳು. ಇಪ್ಪತ್ತೆಂಟು ವರ್ಷ ಹೀಗೆ. ಪಕ್ಕದಲ್ಲಿ ಎಷ್ಟೋ ಸಲ ವಿನಿಯೂ ನೆನೆಯುತ್ತ ನಿಂತಿದ್ದಳು.

"ಏನು ಬರೆದೆ ತೋರ್ಸು," ಎಂದಳು ಆಗ್ನೆಸ್.

ವಿನಿಯ ಪೆನ್ಸಿಲ್ ಇನ್ನೂ ಚೀಟಿಗೆ ತಾಕಿರಲಿಲ್ಲ. ಎಡಕ್ಕೆ ದೊಡ್ಡ ಸೊಟ್ಟ ವೃತ್ತ ಬರೆದರೆ ನಾಳೆ ಡಾಕ್ಟರು ಯಾಕೆ ಎಂದು ಕೇಳುತ್ತಾರೆ. ಹಳೇ ಪೆಟ್ಟು ಎಂದರೆ ಹೇಗೆ, ಯಾವಾಗ ಎನ್ನುತ್ತಾರೆ. ಇವಳಿಗೆ ಹೇಗೆ ಗೊತ್ತು ಎನ್ನುತ್ತಾರೆ. ಅಷ್ಟಕ್ಕೂ ಚೀಟಿ ಯಾರಿಗೆ? ನೋಡುವವಳು ನಾನೇ. ಆ ಕಣ್ಣು ನನಗೆ ಕತ್ತಲಲ್ಲೂ ಗೊತ್ತು. ಹೀಗೆ ತನಗೆ ತಾನೇ ಹೇಳಿಕೊಂಡು ವಿನಿ ಎರಡು ಸಾಸಿವೆಯಷ್ಟು ವೃತ್ತಗಳನ್ನು ಬರೆದು, ಕೆಳಗೆ 'ಎರಡೂ ಸಮ' ಎಂದು ಬರೆದಳು.

"ಎಲ್ಲಾ ಸರಿಯಾಗಿದೆ ಕಣಕ್ಕ," ಎಂದಳು.

ತಾನೊಂದು ಬಗೆದರೆ ದೈವವೊಂದು ಬಗೆಯಿತು. ಬೆಳಿಗ್ಗೆ ಥಿಯೇಟರಿಗೆ ಒಯ್ಯುವ ಮುಂಚೆ ಕೊಡುವ ಸೂಜಿಮದ್ದು ಆಗ್ನೆಸ್‌ಳ ನಾಲಿಗೆ ಸಡಿಲಿಸಿತು. ತಳ್ಳುಮಂಚದ ಮೇಲೆ ಬಂದವಳೇ ಸಿಸ್ಟರ್ ಕಾಫ್ಲನ್ನಳ ಕೈ ಹಿಡಿದು, "ನಂಗೇನೂ ಭಯ ಇಲ್ಲಮ್ಮ. ನನ್ನ ತಂಗಿ ವಿನೀನೇ ಅಲ್ವಾ ಒಳಗಿರೋದು" ಎಂದು ಹೆಮ್ಮೆಯಿಂದ ಹೇಳಿಬಿಟ್ಟಳು.

ಕಾಫ್ಲನ್ ವಿನಿಯ ಕಡೆ ತಿರುಗಿದಳು. "ಹೌದೇನು?"

"ಹೌದು ಸಿಸ್ಟರ್."

"ಮಾಸ್ಕ್ ಬಿಚ್ಚು. ಆಚೆ ನಿಂತ್ಕೊ. ಆಮೇಲೆ ನಿನ್ನ ವಿಚಾರ. ಜಾನೆಟ್, ಟಾರ್ಚ್ ತಗೊಮ್ಮ, ಇವತ್ತು ನೀನು ನೋಡ್ತೀಯ."

ಜಾನೆಟ್ ಕೆಲಸಕ್ಕೆ ಸೇರಿ ಐದು ತಿಂಗಳಾಗಿದ್ದ ನರ್ಸ್. ಒಳ್ಳೇ ಹುಡುಗಿ, ಹೆದರಿಕೆಯ ಹುಡುಗಿ. ವಿನಿ ಅವಳಿಗೆ ಒಂದು ಮಾತು ಹೇಳಬಹುದಿತ್ತು. ಆ ಚೀಟಿ ನಂಬಬೇಡ ಎಂದರೆ ಸಾಕಿತ್ತು. ಬಾಯಿ ತೆರೆದಳು ಕೂಡ. ಕಾಫ್ಲನ್ ಬಾಗಿಲು ಹಿಡಿದು ನಿಂತಿದ್ದಳು. ವಿನಿ ಬಾಯಿ ಮುಚ್ಚಿಕೊಂಡು ಹೊರಗೆ ಬಂದಳು. ಬಾಗಿಲು ಎರಡು ಸಲ ಆಡಿ ಮುಚ್ಚಿತು.

ಹೊರಗೆ ಕೈ ತೊಳೆಯುವ ತೊಟ್ಟಿಗಳ ಹತ್ತಿರ ನಿಂತರೆ ಒಳಗಿನ ಮಾತು ಕೇಳುತ್ತದೆ. ಸೂಜಿ ಇಳಿಸಿ ಎಕ್ಸ್‌ರೇ ನೋಡಿ ಜಾಗ ಹಿಡಿಯಲು ಅರ್ಧ ಗಂಟೆ. ಅಲ್ಲಿಯವರೆಗೆ ಪ್ರಜ್ಞೆ ತಪ್ಪಿಸಿದ ರೋಗಿಯ ರೆಪ್ಪೆಗಳಿಗೆ ಪಟ್ಟಿ ಅಂಟಿಸಿರುತ್ತಾರೆ, ಯಾರೂ ಕಣ್ಣು ನೋಡುವುದಿಲ್ಲ. ವಿನಿ ಮನಸ್ಸಿನಲ್ಲೇ ಜಪಮಾಲೆ ಎಣಿಸತೊಡಗಿದಳು. ಮೂರನೇ ಮಣಿಗೆ ಅದೂ ಮರೆತುಹೋಯಿತು.

"ಮೊದಲನೇ ಹನಿ," ಎಂದರು ಒಳಗೆ ಡಾಕ್ಟರು. "ಕಣ್ಣು?"

"ಸರಿ ಇದೆ," ಎಂದಳು ಜಾನೆಟ್. ಅವಳು ತನ್ನ ಕಡೆಗಿದ್ದ ಬಲಗಣ್ಣನ್ನಷ್ಟೇ ಬಿಡಿಸಿ ನೋಡಿದ್ದಳು.

"ಎರಡನೇದು. ಕಣ್ಣು? ಎರಡೂ ನೋಡಮ್ಮ."

ಪಟ್ಟಿ ಬಿಡಿಸಿದ ಸದ್ದು. ಆಮೇಲೆ ಜಾನೆಟ್ ಕೂಗಿದಳು. "ನಿಲ್ಲಿಸಿ! ಡಾಕ್ಟರ್, ನಿಲ್ಲಿಸಿ! ಎಡಗಣ್ಣು ದೊಡ್ಡದಾಗಿದೆ!"

"ಚೀಟೀಲಿ ಏನಿದೆ?"

"ಎರಡೂ ಸಮ," ಎಂದಳು ಕಾಫ್ಲನ್.

ಡಾಕ್ಟರು ನಿಟ್ಟುಸಿರು ಬಿಟ್ಟದ್ದು ಹೊರಗೂ ಕೇಳಿಸಿತು. "ಎರಡೇ ಹನಿಗೆ! ಪಾಪ. ಎರಡು ನಿಮಿಷ ಕಾಯೋಣ. ಹಾಗೇ ಇದ್ರೆ ಸೂಜಿ ತೆಗೆದುಬಿಡ್ತೀನಿ."

ಎರಡು ನಿಮಿಷ. ಆ ಪಾಪೆ ಎರಡು ನಿಮಿಷವಲ್ಲ, ಇಪ್ಪತ್ತು ವರ್ಷ ಕಾದರೂ ಕಿರಿದಾಗುವುದಿಲ್ಲ. ಸೂಜಿ ಆಚೆ ಬಂದರೆ ಆಗ್ನೆಸ್ ಮತ್ತೆ ಆ ತಂತಿಗೂಡಿನ ಕೆಳಗೆ ಹೋಗುತ್ತಾಳೆ. ಅಲ್ಲಿಂದ ಅವಳು ಏಳುವುದಿಲ್ಲ, ಕೂರುವುದಿಲ್ಲ, ಮಗ್ಗುಲಾಗುವುದಿಲ್ಲ. ಇನ್ನು ಬದುಕಿರುವಷ್ಟು ದಿನವೂ ಅರಚುತ್ತ ಮಲಗಿರುತ್ತಾಳೆ. ಅದು ಹಳೇ ಪೆಟ್ಟು ಎಂದಷ್ಟೇ ಹೇಳಿ ಪಾರಾಗಬಹುದೇ? ಹಾಗಾದರೆ ಸಮ ಎಂದು ಯಾಕೆ ಬರೆದೆ ಎಂದು ಕೇಳುತ್ತಾರೆ. ಅದಕ್ಕೆ ನಿಜ ಬಿಟ್ಟು ಬೇರೆ ಉತ್ತರ ಇರಲಿಲ್ಲ. ಒಂಬತ್ತು ವರ್ಷದ ಹುಡುಗಿಯ ಹೆದರಿಕೆ ವಿನಿಗೆ ಇನ್ನೂ ಹಾಗೇ ಇತ್ತು. ಅವಳು ಅದನ್ನು ಕಟ್ಟಿಕೊಂಡೇ ಬಾಗಿಲು ತಳ್ಳಿದಳು.

"ಡಾಕ್ಟರ್, ಸೂಜಿ ತೆಗೀಬೇಡಿ. ಆ ಚೀಟಿ ಸುಳ್ಳು."

"ವಿನಿ! ಮಾಸ್ಕ್ ಇಲ್ದೆ! ಆಚೆ ನಡಿ!" ಎಂದು ಕಾಫ್ಲನ್ ಅಡ್ಡ ಬಂದಳು.

"ಹೋಗಲ್ಲ ಸಿಸ್ಟರ್. ಬೇಕಾದ್ರೆ ನನ್ನ ಕೆಲಸ ತೆಗೀರಿ. ಡಾಕ್ಟರ್, ಆ ಪಾಪೆ ಈಗ ಹಿಗ್ಗಿದ್ದಲ್ಲ. ಮೂವತ್ಮೂರನೇ ಇಸವಿಯಿಂದ ಹಾಗೇ ಇದೆ. ನಾನೇ ಸುಳ್ಳು ಬರೆದೆ."

ಬ್ರೆದರ್ಟನ್ ಸೂಜಿಯಿಂದ ಕಣ್ಣು ತೆಗೆಯಲಿಲ್ಲ. "ಇವರು ನಿಮ್ಮ ಅಕ್ಕ, ವಿನಿ. ಅಕ್ಕನ ನೋವು ಹೋಗ್ಲಿ ಅಂತ ಈಗ ನೀವು ಏನು ಬೇಕಾದ್ರೂ ಹೇಳ್ತೀರಿ. ನಿನ್ನೆ ಬರೆದ ಚೀಟಿ ನಂಬಲೋ, ಇವತ್ತಿನ ಮಾತು ನಂಬಲೋ? ತಪ್ಪಿದ್ರೆ ಇವರ ಕಣ್ಣು ಹೋಗುತ್ತೆ."

"ನನ್ನ ಮಾತು ನಂಬಬೇಡಿ. ಜಾನೆಟ್ ನೋಡಿ ಹೇಳ್ಲಿ. ನಾನು ಇಲ್ಲೇ ಬಾಗಿಲಲ್ಲಿ ನಿಂತಿದ್ದೀನಿ, ಅಕ್ಕನ ಮುಖ ನಂಗೆ ಕಾಣ್ತಿಲ್ಲ. ನೋಡಮ್ಮ ಜಾನೆಟ್, ಆ ಪಾಪೆ ಗುಂಡಗಿದ್ಯಾ?"

ಜಾನೆಟ್ ಬಗ್ಗಿದಳು. "ಇಲ್ಲ."

"ಕೆಳಗಡೆ, ಮೂಗಿನ ಪಕ್ಕಕ್ಕೆ, ಒಂದು ಮೂಲೆ ಚೂಪಾಗಿದೆ. ಕಂದು ಬಣ್ಣದ ಮೇಲೆ ಅಲ್ಲೇ ಒಂದು ಬಿಳೀ ಗೀರಿದೆ, ಉಗುರು ತಾಕಿದ ಹಾಗೆ. ಇದ್ಯಾ?"

"ಇದೆ. ಡಾಕ್ಟರ್, ಇದೆ. ಗೀರೂ ಇದೆ."

 ಆಲ್ಕೋಹಾಲಿಗೆ ಹಿಗ್ಗಿದ ಪಾಪೆಗೆ ಮೂಲೆ ಇರುವುದಿಲ್ಲ, ಗೀರೂ ಇರುವುದಿಲ್ಲ ಎಂದು ಅಲ್ಲಿದ್ದವರಿಗೆಲ್ಲ ಗೊತ್ತಿತ್ತು.

"ಇಷ್ಟು ಸರಿಯಾಗಿ ನಿಮಗೆ ಹೇಗೆ ಗೊತ್ತು?" ಎಂದರು ಡಾಕ್ಟರು.

"ಹೊಡೆದೋಳು ನಾನು. ಚಾಟಿಬಿಲ್ಲಲ್ಲಿ. ಬೇರೆ ಹುಡುಗನ ಮೇಲೆ ಹೋಯ್ತು, ನಾನು ಬಾಯಿ ಬಿಡ್ಲಿಲ್ಲ. ಅಕ್ಕಂಗೂ ಗೊತ್ತಿಲ್ಲ. ಬರೆದ್ರೆ ನೀವು ಕೇಳ್ತೀರಿ ಅಂತ ಸಮ ಅಂತ ಬರೆದೆ."

 ಡಾಕ್ಟರು ಸೂಜಿ ಹಿಡಿದಂತೆಯೇ ಹೇಳಿದರು. "ಆ ಕಣ್ಣು ಎಷ್ಟಿದ್ರೆ ಸರಿ, ಎಷ್ಟಾದ್ರೆ ತಪ್ಪು ಅಂತ ಗೊತ್ತಿರೋರು ಈ ಕೋಣೇಲಿ ಒಬ್ಬರೇ. ಸಿಸ್ಟರ್, ಅವರಿಗೆ ಮಾಸ್ಕ್ ಕೊಡಿ."

"ಡಾಕ್ಟರ್, ನಿಯಮ..."

"ನಿಯಮ ನಂಗೂ ಗೊತ್ತು. ಮಾಸ್ಕ್ ಕೊಡಿ. ಜಾನೆಟ್, ನೀನೂ ಜತೇಲೇ ನೋಡು. ಇಬ್ಬರಲ್ಲಿ ಯಾರು ನಿಲ್ಲಿಸಿ ಅಂದ್ರೂ ನಿಲ್ಲಿಸ್ತೀನಿ."

ವಿನಿ ಅಕ್ಕನ ತಲೆಯ ಹತ್ತಿರ ನಿಂತು ಎರಡು ಹೆಬ್ಬೆರಳಿನಿಂದ ಎರಡು ರೆಪ್ಪೆ ಎತ್ತಿದಳು. ಮೂರನೇ ಹನಿ. ನಾಲ್ಕು. ಐದು. ನಲವತ್ತಮೂರು ವರ್ಷ ತಪ್ಪಿಸಿದ್ದ ಕಣ್ಣನ್ನು ಅವಳು ಈಗ ರೆಪ್ಪೆ ಮಿಟುಕಿಸದೆ ನೋಡುತ್ತಿದ್ದಳು. ಆರು, ಏಳು. ಹತ್ತೂ ಹೋಗಲಿ ತಾಯೇ ಎಂದು ಅವಳ ಮನಸ್ಸು ಬೇಡುತ್ತಿತ್ತು, ಕಣ್ಣು ಮಾತ್ರ ತನ್ನ ಕೆಲಸ ಮಾಡುತ್ತಿತ್ತು. ಎಂಟನೇ ಹನಿಗೆ ಬಲಗಣ್ಣಿನ ಸಾಸಿವೆ ಒಂದು ಕೂದಲಷ್ಟು ಅಲುಗಿತು. ಜಾನೆಟ್‌ಗೆ ಅದು ಕಾಣಲಿಲ್ಲ. ವಿನಿ ಸುಮ್ಮನಿದ್ದಿದ್ದರೆ ಒಂಬತ್ತನೆಯದೂ ಹೋಗುತ್ತಿತ್ತು.

"ನಿಲ್ಲಿಸಿ," ಎಂದಳು ವಿನಿ.

ಸೂಜಿ ಆಚೆ ಬಂತು. ಬಲಗಣ್ಣಿನ ಪಾಪೆ ನಾಲ್ಕು ನಿಮಿಷದಲ್ಲಿ ಮೊದಲಿನಂತಾಯಿತು. ಎಂಟು ಹನಿ ಸಾಕಾಗುತ್ತದೋ ಇಲ್ಲವೋ ಯಾರಿಗೂ ಗೊತ್ತಿರಲಿಲ್ಲ.

ಆಗ್ನೆಸ್ ಮಧ್ಯಾಹ್ನ ಕಣ್ಣು ಬಿಟ್ಟಳು. ಸೂರು ನೋಡಿದಳು, ಕಿಟಕಿ ನೋಡಿದಳು. ಎರಡೂ ಕಣ್ಣಿಗೆ ಎರಡೂ ಕಂಡವು. ಆಮೇಲೆ ಯಾರನ್ನೂ ಕೇಳದೆ, ನಿದ್ದೆಗಣ್ಣಿನ ಮಗುವಿನಂತೆ, ಎಡ ಮಗ್ಗುಲಿಗೆ ಹೊರಳಿ ಮೊಣಕಾಲು ಮಡಿಸಿಕೊಂಡಳು. ತಂತಿಗೂಡು ಟಣ್ ಎಂದು ನೆಲಕ್ಕೆ ಬಿತ್ತು. "ನೀರು ಕೊಡ್ರೇ ಯಾರಾದ್ರೂ," ಎಂದಳು. ವಾರ್ಡಿನ ಬಾಗಿಲಲ್ಲಿ ನಿಂತಿದ್ದ ವಿನಿ ಗೋಡೆಗೆ ಮುಖ ಮಾಡಿ ಅತ್ತಳು.

ಸುಳ್ಳು ಚೀಟಿಗೆ ಶಿಕ್ಷೆ ಆಗಲೇಬೇಕಿತ್ತು, ಆಯಿತು. ಕಾಫ್ಲನ್ ಒಂದು ತಿಂಗಳು ಅವಳನ್ನು ಥಿಯೇಟರಿನಿಂದ ತೆಗೆದು ಅದೇ ವಾರ್ಡಿಗೆ ನೀರು, ಉಚ್ಚೆಯ ಜಗ್ಗು ಅಳೆಯಲು ಹಾಕಿದಳು. ಆ ಗ್ರಂಥಿ ಹೋದವರಿಗೆ ಎಲ್ಲಿಲ್ಲದ ಬಾಯಾರಿಕೆ. ಬಕೆಟ್ಟುಗಟ್ಟಲೆ ಕುಡಿಯುತ್ತಾರೆ, ಅಷ್ಟೇ ಉಚ್ಚೆ ಹೊಯ್ಯುತ್ತಾರೆ. ಮೂಗಿಗೆ ಒಂದು ಪುಡಿ ಏರಿಸಿ ಅದನ್ನು ಹತೋಟಿಗೆ ತರುವವರೆಗೆ ಒಳಗೆ ಹೋದದ್ದು, ಹೊರಗೆ ಬಂದದ್ದು ಎಲ್ಲ ಅಳೆದು ಬರೆಯಬೇಕು. ಹೀಗೆ ವಿನಿ ತನ್ನ ಅಕ್ಕನ ಉಚ್ಚೆಯ ಜಗ್ಗು ಹೊರುವ ಕೆಲಸಕ್ಕೆ ಬಂದಳು. ಕಾಫ್ಲನ್ ಬೇಕೆಂದೇ ಮಾಡಿದ್ದು ಎಂದು ಕೆಲವರು ಹೇಳಿದರು. ಬೇಕೆಂದೇ ಮಾಡಿದ್ದರೆ, ಅದು ಶಿಕ್ಷೆಯೋ ಕರುಣೆಯೋ ನನಗೆ ಇವತ್ತಿಗೂ ಗೊತ್ತಿಲ್ಲ.

ಮೂರನೇ ದಿನ ಬೆಳಿಗ್ಗೆ ಆಗ್ನೆಸ್ ಕುರ್ಚಿಯಲ್ಲಿ ಕೂತು ಗಂಜಿ ತಿನ್ನುತ್ತಿದ್ದಳು. ವಿನಿ ಜಗ್ಗು ಕೆಳಗಿಟ್ಟು ಅವಳೆದುರು ನಿಂತು, ಒಂದೇ ಉಸಿರಿನಲ್ಲಿ ಎಲ್ಲ ಹೇಳಿದಳು. ಡಬ್ಬಿ, ಕಲ್ಲು, ಸಿರಿಲ್, ಚೀಟಿ.

ಆಗ್ನೆಸ್ ಚಮಚ ಬಟ್ಟಲಲ್ಲಿಟ್ಟಳು.

"ನೀನಾ?"

"ನಾನೇ ಅಕ್ಕ."

"ಅವನು ಬಡ್ಕೊಂಡ. ನನ್ನೆದುರಿಗೇ ಬಡ್ಕೊಂಡ, ವಿನಿ ಹೊಡೆದದ್ದು ಅಂತ. ನಾನು ಅವನ ಮುಖಕ್ಕೆ ಉಗಿದೆ ಕಣೇ! ಹಾಸಿಗೇಲಿ ಮಲಗಿದ್ದವಳು ಎದ್ದು ಹೋಗಿ ಉಗಿದು ಬಂದೆ! ಇಪ್ಪತ್ತೆಂಟು ವರ್ಷ ಮಳೇಲಿ ನೆಂದೆ. ನೀನೂ ಪಕ್ಕದಲ್ಲೇ ನಿಂತಿದ್ದೆಯಲ್ಲೇ, ನೆನ್ಕೊಂಡು! ಒಂದ್ಸಲ ಆದ್ರೂ ಬಾಯಿ ಬರ್ಲಿಲ್ವೇನೇ ನಿಂಗೆ?"

"ಬರ್ಲಿಲ್ಲ ಅಕ್ಕ."

"ಹೋಗು ಆಚೆ. ಮುಖ ತೋರಿಸ್ಬೇಡ. ನಿಲ್ಲು, ಜಗ್ಗು ತಗೊಂಡು ಹೋಗು."

ಅವಳ ದನಿ ವಾರ್ಡಿನ ಆ ತುದಿಗೂ ಕೇಳಿಸಿತು. ನೋವಿದ್ದಾಗ ಅವಳಿಗೆ ಯಾರ ಮೇಲೂ ಸಿಟ್ಟು ಮಾಡಿಕೊಳ್ಳುವ ಶಕ್ತಿ ಇರಲಿಲ್ಲ, ನರಳುವುದಕ್ಕೇ ದಿನ ಸಾಲುತ್ತಿರಲಿಲ್ಲ. ರೌಂಡ್ಸಿಗೆ ಬಂದಿದ್ದ ಬ್ರೆದರ್ಟನ್ ಬಾಗಿಲಲ್ಲೇ ನಿಂತು ಇಡೀ ಬೈಗುಳ ಕೇಳಿ, "ಎಂಟು ಹನಿ ಸಾಕಾಯ್ತು ಅಂತ ಕಾಣುತ್ತೆ" ಎಂದು ಬರೆದುಕೊಂಡರು.

ಹದಿನೈದು ದಿನಕ್ಕೆ ಆಗ್ನೆಸ್ ಮನೆಗೆ ಹೋದಳು. ನೋವು ಹೋಯಿತೆಂದು ಮಾತ್ರೆ ಬಿಡಬೇಡಿ, ಇವು ನೋವಿನವಲ್ಲ, ಗ್ರಂಥಿ ಮಾಡುತ್ತಿದ್ದ ಕೆಲಸ ಈಗ ಇವು ಮಾಡಬೇಕು, ಬಿಟ್ಟರೆ ಕುಸಿದು ಬೀಳುತ್ತೀರಿ ಎಂದು ಕಾಫ್ಲನ್ನಳೇ ಬಂದು ಹತ್ತು ಸಲ ಹೇಳಿ ಕಳಿಸಿದಳು. ಪ್ರತಿ ಗುರುವಾರ ಆಸ್ಪತ್ರೆಗೆ ಬಂದು ತೋರಿಸಬೇಕಿತ್ತು. ಕರೆತರುವ ಜವಾಬ್ದಾರಿ ವಿನಿಯದು. ಆಗ್ನೆಸ್ ಬರುತ್ತಿದ್ದಳು, ಆದರೆ ತಂಗಿಯ ಜತೆ ಮಾತಿಲ್ಲ.

ಮೊದಲ ಗುರುವಾರ ಬಸ್ ನಿಲ್ದಾಣದಲ್ಲಿ ಎರಡು ಬಸ್ಸು ಬಂದವು, ಆಗ್ನೆಸ್ ಹತ್ತಲಿಲ್ಲ. ಮೂರನೆಯದರ ಹಿಂಬಾಗಿಲಲ್ಲಿ, ಟಿಕೆಟ್ ಯಂತ್ರ ಕೊರಳಿಗೆ ಹಾಕಿಕೊಂಡು, ಬೆಳ್ಳಗಾದ ಮೀಸೆಯ ಸಿರಿಲ್ ಲೆಡ್ಶಮ್ ನಿಂತಿದ್ದ. ಆಗ್ನೆಸ್ ಕಂಬಿ ಹಿಡಿದು ಹತ್ತಿದಳು. ಅವನು ಬೆಪ್ಪಾಗಿ ಒಂದು ಹೆಜ್ಜೆ ಹಿಂದೆ ಸರಿದ.

"ಲೆಡ್ಶಮ್," ಎಂದಳು ಆಗ್ನೆಸ್, ಇಡೀ ಬಸ್ಸಿಗೆ ಕೇಳುವ ಹಾಗೆ. "ನೀನು ಅವತ್ತು ನಿಜ ಹೇಳಿದ್ದೆ. ನಾನು ನಂಬಲಿಲ್ಲ. ತಪ್ಪು ನಂದು."

  "ನಮ್ಮಪ್ಪ ಸಾಯೋವರೆಗೂ ನಂಬಲಿಲ್ಲ, ಆಗ್ನೆಸ್," ಎಂದ ಸಿರಿಲ್. ಆಮೇಲೆ ಕಣ್ಣೊರೆಸಿಕೊಂಡು ಗಂಟೆ ಎಳೆದ. "ಕೂತ್ಕೊಳ್ಳಮ್ಮ, 'ಕಲ್ಲು' ರಸ್ತೆ ಕುಲುಕುತ್ತೆ. ನೀನೂ ಕೂತ್ಕೊ ವಿನಿ, ಸೀಟು ಖಾಲಿ ಇದೆ."

ಆಗ್ನೆಸ್ ಕಿಟಕಿಯ ಪಕ್ಕ ಕೂತು ಕೈಚೀಲವನ್ನು ಪಕ್ಕದ ಸೀಟಿನ ಮೇಲಿಟ್ಟಳು. "ಅವಳು ನಿಂತೇ ಬರ್ತಾಳೆ, ಲೆಡ್ಶಮ್. ನಲವತ್ಮೂರು ವರ್ಷ ಕೂತಿದ್ದಾಳೆ."

ವಿನಿ ನಿಂತಳು. ಅರ್ಧ ಬಸ್ಸು ಖಾಲಿ ಇತ್ತು, ಆದರೂ ಕಂಬಿ ಹಿಡಿದು ಆಸ್ಪತ್ರೆಯವರೆಗೆ ನಿಂತೇ ಬಂದಳು. ಬಸ್ಸು ಗುಂಡಿಗೆ ಬಿದ್ದಾಗಲೆಲ್ಲ ಅಕ್ಕನ ಸೊಂಟದ ಕಡೆ ನೋಡಿದಳು. ಆಗ್ನೆಸ್ ಒಂದು ಸಲವೂ ಹುಬ್ಬು ಗಂಟಿಕ್ಕಲಿಲ್ಲ, ಹೊರಗೆ ಅಂಗಡಿ ನೋಡುತ್ತ ಕೂತಿದ್ದಳು. ಹಾಗೆ ಒಂಬತ್ತು ಗುರುವಾರ. ಅಕ್ಕ ಕೂರುತ್ತಿದ್ದಳು, ಚೀಲ ಕೂರುತ್ತಿತ್ತು, ತಂಗಿ ನಿಲ್ಲುತ್ತಿದ್ದಳು. ಸಿರಿಲ್‌ಗೇ ಪಾಪ ಎನ್ನಿಸಿ, "ಸಾಕು ಬಿಡೇ ಆಗ್ನೆಸ್, ನಾನೇ ಮರೆತಿದ್ದೀನಿ" ಎಂದ. "ನೀನು ಮರೀತೀಯ, ಒಳ್ಳೆಯವನು. ನಾನು ಒಳ್ಳೆಯವಳಲ್ಲ" ಎಂದಳು ಅವಳು.

ವಿನಿ ಥಿಯೇಟರಿಗೆ ಮರಳಿದ್ದಳು. ಚೀಟಿಗೆ ಈಗ ಇಬ್ಬರು ನೋಡಿ ಇಬ್ಬರು ಸಹಿ ಹಾಕಬೇಕು, ಒಂದು ವಿನಿಯದು, ಇನ್ನೊಂದು ಜಾನೆಟ್‌ಳದು. ಆಗ್ನೆಸ್‌ಳ ಹಳೇ ಚೀಟಿಯನ್ನು ಡಾಕ್ಟರು ಎಸೆದಿರಲಿಲ್ಲ. ವಿನಿ ಅದನ್ನು ಕೇಳಿ ಪಡೆದು, ಎಡಗಡೆಯ ವೃತ್ತ ಅಳಿಸಿ, ದೊಡ್ಡದಾಗಿ, ಮೂಲೆಯ ಸಮೇತ, ಬರೆದು ಫೈಲಿಗೆ ಸೇರಿಸಿದಳು.

ಮೇ ಕೊನೆಗೆ ಆಗ್ನೆಸ್ ಸೊರಗತೊಡಗಿದಳು. ನೋವಿಲ್ಲ, ಆದರೆ ಮೈಯಲ್ಲಿ ಕಸುವಿಲ್ಲ. ಕ್ಯಾನ್ಸರ್ ತನ್ನ ಕೆಲಸ ತಾನು ಮಾಡಿಕೊಂಡು ಹೋಗುತ್ತಿತ್ತು. ಹತ್ತನೇ ಗುರುವಾರ ಬಸ್ಸಿನ ಮೆಟ್ಟಿಲಿಗೆ ಸಿರಿಲ್ ಒಂದು ಕಡೆ, ವಿನಿ ಒಂದು ಕಡೆ ಹಿಡಿದು ಹತ್ತಿಸಬೇಕಾಯಿತು. ಕಿಟಕಿಯ ಪಕ್ಕ ಕೂರಿಸಿದರು. ಚೀಲ ಎಂದಿನಂತೆ ಪಕ್ಕದ ಸೀಟಿಗೆ ಹೋಯಿತು. ವಿನಿ ಎಂದಿನಂತೆ ಕಂಬಿ ಹಿಡಿದಳು. ಬಸ್ಸು ಎರಡು ನಿಲ್ದಾಣ ದಾಟಿತು.

ಆಗ್ನೆಸ್ ಚೀಲ ಎತ್ತಿ ತೊಡೆಯ ಮೇಲಿಟ್ಟುಕೊಂಡಳು.

"ಕೂತ್ಕೊ," ಎಂದಳು.

"ಪರವಾಗಿಲ್ಲ ಅಕ್ಕ, ನಿಂತಿರ್ತೀನಿ."

"ಕೂತ್ಕೊಳ್ಳೇ ಅಂದ್ರೆ. ಕಾಲು ನೋಯುತ್ತೆ ನಿಂಗೆ. ನೋವು ಅಂದ್ರೇನು ಅಂತ ನಂಗೊತ್ತು."

ವಿನಿ ಕೂತಳು. ಆಗ್ನೆಸ್ ಮುಖ ತಿರುಗಿಸಿ ಎರಡೂ ಕಣ್ಣಿಂದ ಅವಳನ್ನು ನೋಡಿದಳು. ವಿನಿಯೂ ಅವಳ ಎಡಗಣ್ಣನ್ನೇ ನೋಡುತ್ತ, ಆಸ್ಪತ್ರೆ ಬರುವವರೆಗೆ ಅವಳ ಕೈ ಹಿಡಿದು ಕೂತಿದ್ದಳು.